ಎಡಗೈ

ಆ ಬೇಸಿಗೆಯಲ್ಲಿ ನಾನು ಲಿಂಗಪೂಜೆಗೆ ಗೋಡೆಯ ಕಡೆ ಮುಖ ಮಾಡಿ ಕೂಡತೊಡಗಿದೆ. ನಮ್ಮಲ್ಲಿ ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಾರೆ. ಕೈಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದರೆ ಜಂಪರಿನ ತೋಳು ತಾನಾಗಿಯೇ ಹಿಂದೆ ಜರುಗುತ್ತದೆ. ನನ್ನ ತೋಳು ಜರುಗಬಾರದಿತ್ತು. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿಯೇ ಕೂತಿರುತ್ತಿದ್ದರು, ಆದರೂ ನನಗೆ ಭಯ. ಒಂದು ದಿನ ಅವರೇ ಕೇಳಿದರು, "ಇದೇನವ್ವಾ, ಗ್ವಾಡಿ ಪೂಜಿ ಮಾಡ್ಲತ್ತಿ?" ಬೆಳಕು ಕಣ್ಣಿಗೆ ಹೊಡೆಯುತ್ತದೆ ಅಂದೆ. ಸುಳ್ಳು ಹೇಳಿದ ಬಾಯಿಂದಲೇ ಮುಂದಿನ ಮಂತ್ರ ಹೇಳಿದೆ.

ಭಾಲ್ಕಿಯಲ್ಲಿ ನಮ್ಮದು ಎರಡು ಖೋಲಿಯ ಮನೆ. ಮನೆಯಲ್ಲಿ ಆಗ ಇದ್ದವರು ಮೂವರೇ: ಅತ್ತೆ, ನಾನು, ನಾಲ್ಕು ವರ್ಷದ ನನ್ನ ಮಗಳು. ಮಾವ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ನನ್ನ ಗಂಡನದು ಮೋಟಾರಿಗೆ ತಂತಿ ಸುತ್ತುವ ಕೆಲಸ. ಸುತ್ತಲ ಹಳ್ಳಿಗಳಲ್ಲಿ ಬಾವಿಯ, ಬೋರಿನ ಮೋಟಾರು ಸುಟ್ಟರೆ ನಮ್ಮ ಅಂಗಡಿಗೆ ಬರುತ್ತಿತ್ತು. ಮಳೆ ಕೈಕೊಟ್ಟ ಮೊದಲ ವರ್ಷ ಕೆಲಸ ಹೆಚ್ಚೇ ಆಯಿತು. ನೀರಿಲ್ಲದ ಬೋರಿನಲ್ಲಿ ಓಡಿ ಓಡಿ ಮೋಟಾರುಗಳು ಸಾಲಾಗಿ ಸುಟ್ಟವು. ಎರಡನೆಯ ವರ್ಷ ಮಂದಿ ಮೋಟಾರನ್ನೇ ಮೇಲೆತ್ತಿ, ಗೋಣಿಚೀಲದಲ್ಲಿ ಸುತ್ತಿ, ಮನೆಯ ಮೂಲೆಗಿಟ್ಟರು. ಆಮೇಲೆ ಅಂಗಡಿಗೆ ಚಹಾ ಕುಡಿಯಲು ಬರುವವರೂ ಕಡಿಮೆಯಾದರು. ಗಂಡ ಅಂಗಡಿಗೆ ಕೀಲಿ ಹಾಕಿ, ದೊಡ್ಡ ಕಟ್ಟಡಗಳಿಗೆ ವೈರಿಂಗ್ ಮಾಡುವ ಕೆಲಸ ಹಿಡಿದು ಪುಣೆಗೆ ಹೋದರು.

ನನ್ನ ತವರು ಔರಾದ್ ತಾಲೂಕಿನ ಚಿಂತಾಕಿ. ಸೊಸೆಯಾದವಳಿಗೆ "ತವರಿಗೆ ಹೋಗ್ತೇನಿ" ಅನ್ನುವ ಒಂದು ಮಾತೇ ದೊಡ್ಡ ಧೈರ್ಯ. ಹೋಗದಿದ್ದರೂ ಸರಿ, ಅನ್ನಲು ಬರಬೇಕು. ಆ ವರ್ಷ ಅವ್ವ, ಅಪ್ಪ, ತಮ್ಮ ಮೂವರೂ ಹೈದರಾಬಾದಿಗೆ ಕೆಲಸಕ್ಕೆ ಹೋದರು. ಹೋಗುವ ಮುಂಚೆ ಅವ್ವ ಒಂದು ಗಂಟು ಹೆಸರುಬೇಳೆ ಹಿಡಿದು ಭಾಲ್ಕಿಗೆ ಬಂದಿದ್ದಳು. "ಬಾಗಿಲಿಗಿ ಮುಳ್ಳ ಬಡದು ಬಂದೀವಿ ಮಗಳ, ನಾಯಿ ಹೋಗಬಾರ್ದಂತ" ಅಂದಳು. ನಗುತ್ತಲೇ ಹೇಳಿದಳು. ಅವಳು ಹೋದ ಮೇಲೆ ನನಗೆ ನಮ್ಮ ಮನೆಯ ಆ ಬಾಗಿಲು, ಅದಕ್ಕೆ ಅಡ್ಡವಾಗಿ ಜಾಲಿಮುಳ್ಳು, ಇದೇ ಕಣ್ಣ ಮುಂದೆ.

ನೀರಿನ ಟ್ಯಾಂಕರು ನಮ್ಮ ಓಣಿಗೆ ಬರುವ ಹೊತ್ತು ನಿಶ್ಚಯವಿರಲಿಲ್ಲ. ಬೆಳಗ್ಗೆಯೇ ಕೊಡಗಳನ್ನು ಸಾಲಿಗಿಟ್ಟು ಕಾಯಬೇಕು. ಗಾಡಿ ಬಂದೊಡನೆ ಸಾಲು ಎಲ್ಲಿರುತ್ತದೆ! ಎಳೆದಾಟ, ಬೈದಾಟ. ಒಂದು ದಿನ ಹಾಗೇ ಬಡಿದಾಡಿ ತುಂಬಿಸಿಕೊಂಡ ಕೊಡ ನಮ್ಮ ಹೊಸ್ತಿಲ ಮೇಲೆ ನನ್ನ ಸೊಂಟದಿಂದ ಜಾರಿತು. ನೀರೆಲ್ಲ ಅಂಗಳದ ಮಣ್ಣಿಗೆ. ನೋಡುತ್ತಿದ್ದಂತೆ ಇಂಗಿಹೋಯಿತು. ಅತ್ತೆ ಒಂದು ಮಾತೂ ಆಡಲಿಲ್ಲ. ತಿರುಗಿ ಒಳಗೆ ಹೋದರು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ, ಇಲ್ಲವೆ ಅಳುತ್ತಿದ್ದೆ. ಏನೂ ಅನ್ನದೆ ಹೋದದ್ದು ನನ್ನ ಎದೆಯಲ್ಲಿ ಸಿಕ್ಕಿಕೊಂಡಿತು. ನಾನು ಈ ಮನೆಗೆ ಭಾರ, ನನ್ನ ಕೈಯಲ್ಲಿ ಏನೂ ನಿಲ್ಲುವುದಿಲ್ಲ, ಅನ್ನುವ ಮಾತು ಒಳಗೊಳಗೇ ಸುತ್ತತೊಡಗಿತು.

ಅಂದು ಮಧ್ಯಾಹ್ನ ನಾನು ಮೊದಲ ಸಲ ನನ್ನ ಕೈಗೆ ನಾನೇ ಗಾಯ ಮಾಡಿಕೊಂಡೆ. ಯಾವುದರಿಂದ, ಹೇಗೆ ಅನ್ನುವುದನ್ನು ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ಸಾಯಬೇಕು ಅನ್ನಿಸಿರಲಿಲ್ಲ ಎಂಬುದನ್ನು ಮಾತ್ರ ಹೇಳಬೇಕು. ಒಳಗಿನ ಗದ್ದಲ ನಿಲ್ಲಬೇಕಿತ್ತು. ಒಂದು ಗಳಿಗೆ ನಿಂತ ಹಾಗಾಯಿತು. ಆಮೇಲೆ ಅದಕ್ಕಿಂತ ದೊಡ್ಡ ಗದ್ದಲ ಬಂತು: ಇದೇನು ಮಾಡಿಕೊಂಡೆ, ಯಾರಾದರೂ ನೋಡಿದರೆ ಏನು ಹೇಳಲಿ? ಕೊಡ ಬಿದ್ದದ್ದಕ್ಕೆ ಹೀಗಾಯಿತು ಅಂದರೆ ಯಾರು ನಂಬುತ್ತಾರೆ? ನಿಜಕ್ಕೂ ಕೊಡ ಕಾರಣವಲ್ಲ. ಕಾರಣ ಅನ್ನುವುದು ಒಂದು ಕಡೆ ಬೆರಳಿಟ್ಟು ತೋರಿಸುವಂಥದ್ದಾಗಿದ್ದರೆ ನಾನೇ ತೋರಿಸಿಬಿಡುತ್ತಿದ್ದೆ.

ಒಂದೇ ಸಲಕ್ಕೆ ಅದು ಮುಗಿಯಲಿಲ್ಲ. ನಾಚಿಕೆಯಾದಷ್ಟೂ ಒಳಗೆ ಕುದಿಯುತ್ತಿತ್ತು, ಕುದಿದಷ್ಟೂ ಮತ್ತೆ ಅದೇ ದಾರಿ. ಓಣಿಯಲ್ಲಿ ಬಟ್ಟೆ ಹೊಲಿಯುವ ಅಕ್ಕನ ಹತ್ತಿರ ಉದ್ದ ತೋಳಿನ ಎರಡು ಜಂಪರು ಹೊಲಿಸಿಕೊಂಡೆ. "ಈ ಬಿಸಲಾಗ ಯಾಕವ್ವಾ ಇಷ್ಟುದ್ದ ತೋಳು?" ಅಂದಳು. ಟ್ಯಾಂಕರಿಗೆ ನಿಂತು ನಿಂತು ಕೈ ಕಪ್ಪಾಗಿದೆ ಅಂದೆ. ಅವಳು ನಕ್ಕಳು, ನಾನೂ ನಕ್ಕೆ.

ಇಷ್ಟೆಲ್ಲ ಮುಚ್ಚಿದವಳು ಮಗಳ ಕಣ್ಣನ್ನು ಮರೆತಿದ್ದೆ. ಅವಳು ಮಲಗಿದ್ದಾಳೆ ಅಂದುಕೊಂಡ ಹೊತ್ತಿನಲ್ಲಿ ಎಷ್ಟು ಸಲ ಎದ್ದಿದ್ದಳೋ. ಒಂದು ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮಗಳು ಅವರ ಪಕ್ಕದಲ್ಲಿ ಬಟ್ಟೆಯ ಗೊಂಬೆ ಹಿಡಿದು ಕೂತಿದ್ದಳು. ನಾನು ಅಡಿಗೆಮನೆಯಲ್ಲಿದ್ದೆ. ಅತ್ತೆ ಕೇಳಿದ್ದು ಕೇಳಿಸಿತು.

"ಗೊಂಬಿ ಕೈಗಿ ಏನ್ ಕಟ್ಲತ್ತಿ ಬಂಗಾರಾ?"

"ಪಟ್ಟಿ."

"ಯಾಕ, ಬಿದ್ದದೇನು?"

"ಬಿದ್ದಿಲ್ಲ ಆಯಿ. ಗೊಂಬಿಗಿ ಅಳೂ ಬಂದಿತ್ತು. ಅದಕ್ಕ ತಾನೇ ಮಾಡ್ಕೊಂಡದ. ಅವ್ವ ಮಾಡ್ಕೋತಾಳಲ್ಲ, ಹಂಗ. ಯಾರಿಗೂ ಹೇಳಬಾರ್ದು."

ಮೊರದಲ್ಲಿ ಜೋಳ ಸರಿಯುವ ಸದ್ದು ನಿಂತಿತು. ಒಲೆಯ ಮೇಲಿನ ಬೇಳೆ ಉಕ್ಕಿ ಬೆಂಕಿಗೆ ಸುರಿಯುತ್ತಿತ್ತು, ನನಗೆ ಇಳಿಸಲು ಕೈ ಬರಲಿಲ್ಲ. ನನ್ನ ಬದುಕಿನಲ್ಲಿ ನಾಚಿಕೆಪಟ್ಟ ದಿನಗಳು ಬೇರೆಯೂ ಇವೆ. ಆದರೆ ಭೂಮಿ ಬಾಯಿಬಿಡಬಾರದೆ ಅನ್ನುವ ಮಾತಿನ ಅರ್ಥ ತಿಳಿದದ್ದು ಅಂದೇ. ನಾಲ್ಕು ವರ್ಷದ ಕೂಸಿಗೆ ನಾನು ಕಲಿಸಿದ ವಿದ್ಯೆ ಇದು: ಅಳು ಬಂದರೆ ಹೀಗೆ ಮಾಡಿಕೊಳ್ಳಬೇಕು, ಯಾರಿಗೂ ಹೇಳಬಾರದು.

ಅತ್ತೆ ಮಗಳನ್ನು ಪಕ್ಕದ ಮನೆಗೆ ಆಡಲು ಕಳಿಸಿ ಒಳಗೆ ಬಂದರು. ನನ್ನ ಎಡಗೈ ಹಿಡಿದು ತೋಳು ಮೇಲೆ ಸರಿಸಿದರು. ನೋಡಿದವರೇ ಕೈ ಬಿಟ್ಟುಬಿಟ್ಟರು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ.

"ಯಾಕ? ನಿನಗ ಏನ್ ಕಮ್ಮಿ ಮಾಡೀವಿ ನಾವು?"

ನಾನು ತೋಳು ಕೆಳಗೆ ಎಳೆದುಕೊಂಡೆ.

"ಹೇಳು ಅಂತೀನಿ. ನನ್ನ ಮಗ ಹೊಡದಾನ? ನಾ ಬೈದೀನಿ? ಅದೂ ಕೂಸಿನ ಮುಂದ! ನಾಚ್ಕಿ ಬರಲಿಲ್ಲೇನು ನಿನಗ?"

ನಾಚಿಕೆಯಿಂದಲೇ ಸತ್ತುಹೋಗುವಂತಿದ್ದವಳಿಗೆ ಇನ್ನಷ್ಟು ನಾಚಿಕೆ ಎಲ್ಲಿಂದ ಬರಬೇಕು? ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರು ಏದುಸಿರು ಬಿಡುತ್ತಿದ್ದರು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು ಅನ್ನುವುದು ನನಗೆ ಆಗ ಕಾಣಲಿಲ್ಲ. ಕಡೆಗೆ ಅಂದರು, "ಲಿಂಗ ಮುಟ್ಟಿ ಆಣಿ ಮಾಡು. ಇನ್ನ ಮ್ಯಾಲ ಮಾಡ್ಕೊಳ್ಳಂಗಿಲ್ಲಂತ ಆಣಿ ಮಾಡು."

ಮಾಡಿದೆ. ಆ ಹೊತ್ತಿನಲ್ಲಿ ಅವರು ಏನು ಹೇಳಿದರೂ ಮಾಡುತ್ತಿದ್ದೆ.

ಮರುದಿನ ಅಡಿಗೆಮನೆಯಿಂದ ಕೆಲವು ಸಾಮಾನು ಮಾಯವಾಗಿದ್ದವು. ಅತ್ತೆ ಅವನ್ನು ಟ್ರಂಕಿನಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅದರ ಬಗ್ಗೆ ಅವರು ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಕಾಯಿಪಲ್ಯೆ ಹೆಚ್ಚಬೇಕಾದಾಗ ಅವರೇ ಮುಂದೆ ಕೂತು ಹೆಚ್ಚಿ ಕೊಡುತ್ತಿದ್ದರು. ನಾನು ಬಚ್ಚಲಿಗೆ ಹೋದರೆ ಹೊರಗೆ ನಿಂತು ಕೆಮ್ಮುತ್ತಿದ್ದರು. ಮಗಳನ್ನು ತಮ್ಮ ಮಗ್ಗುಲಲ್ಲೇ ಮಲಗಿಸಿಕೊಳ್ಳತೊಡಗಿದರು. ಅವಳು ನನ್ನ ಬಳಿ ಬಂದರೆ ಏನಾದರೂ ನೆಪ ಮಾಡಿ ಕರೆದುಕೊಳ್ಳುತ್ತಿದ್ದರು. ಕಾವಲು ಕಾಯುತ್ತಿದ್ದರು, ಆದರೆ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಮನೆಯಲ್ಲೇ ನಾನು ಕಳ್ಳಿಯಾದೆ.

ಭಾನುವಾರಗಳಲ್ಲಿ ಗಂಡ ಪುಣೆಯಿಂದ ಮೂಲೆಯ ಕಿರಾಣಿ ಅಂಗಡಿಗೆ ಫೋನು ಮಾಡುತ್ತಿದ್ದರು. ಅಂಗಡಿಯ ಹುಡುಗಿ ಬಂದು ಕೂಗಿದರೆ ನಾವು ಓಡಬೇಕು. ಸುತ್ತ ಸಕ್ಕರೆ, ಎಣ್ಣೆ ಕೊಳ್ಳುವ ಮಂದಿ. "ಆರಾಮ ಅದೀರಿ?" ಅಂದರೆ "ಆರಾಮ ಅದೀವಿ ರಿ" ಅನ್ನಬೇಕು. ಆ ಭಾನುವಾರವೂ ಹಾಗೇ ಅಂದೆ. ಅತ್ತೆ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದರು.

ಆಣೆ ಬಹಳ ದಿನ ಬಾಳಲಿಲ್ಲ. ಮುರಿದ ದಿನ ನನಗೆ ಗಾಯಕ್ಕಿಂತ ಲಿಂಗದ ಚಿಂತೆಯೇ ಹೆಚ್ಚಾಯಿತು. ಮುಟ್ಟಿ ಆಣೆ ಮಾಡಿದ ಲಿಂಗವನ್ನು ಅದೇ ಕೈಯಲ್ಲಿ ಹೇಗೆ ಹಿಡಿಯಲಿ? ಕೊರಳಿಂದ ತೆಗೆದು, ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ, ಒಳಗಿನ ದೇವರ ಜಗುಲಿಯ ಮೇಲೆ ಇಟ್ಟೆ. ನಮ್ಮವರಲ್ಲಿ ಬದುಕಿರುವ ತನಕ ಲಿಂಗ ಮೈಮೇಲಿಂದ ತೆಗೆಯುವಂತಿಲ್ಲ. ತೆಗೆದೆ ಅಂದರೆ ನಾನು ಇನ್ನು ಯಾವುದಕ್ಕೂ ಯೋಗ್ಯಳಲ್ಲ ಎಂದು ನನಗೆ ನಾನೇ ಹೇಳಿಕೊಂಡ ಹಾಗೆ.

ಮಾರನೆಯ ಬೆಳಗ್ಗೆ ಅತ್ತೆ ಪೂಜೆಗೆ ಕೂತಾಗ ಆ ಗಂಟು ಕಂಡರು. ಬಿಚ್ಚಿ ನೋಡಿದರು. ನನ್ನ ಕೊರಳು ನೋಡಿದರು. ಈಗ ಮನೆ ಬಿಟ್ಟು ಹೋಗು ಅನ್ನುತ್ತಾರೆ, ಅಷ್ಟೇ, ಅಂದುಕೊಂಡೆ. ಎಲ್ಲಿಗೆ ಹೋಗುವುದು ಎಂಬುದನ್ನೂ ಯೋಚಿಸಿದೆ, ಮುಳ್ಳು ಬಡಿದ ಬಾಗಿಲು ಕಣ್ಣಿಗೆ ಬಂತು.

ಅವರು ನೆಲಕ್ಕೆ ಕೈಯೂರಿ ಎದ್ದು ಬಂದು ನನ್ನೆದುರು ಕೂತರು. ಅವರ ಕಣ್ಣಲ್ಲಿ ನೀರಿತ್ತು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

"ಮತ್ತ ಆಯ್ತೇನು?" ಅಂದರು. ಸಣ್ಣ ದನಿ.

"ಆಯ್ತು ರಿ."

"ಆಣಿ ಮಾಡ್ಸಿ ತಪ್ಪ ಮಾಡ್ದೆ ನಾ. ನಿನಗ ಇದ್ದ ಒಂದ ಆಸ್ರಾನೂ ಕಸ್ಕೊಂಡೆ." ಅವರು ಲಿಂಗವನ್ನು ತಮ್ಮ ಸೆರಗಿನಿಂದ ಒರೆಸಿ ನನ್ನ ಕೊರಳಿಗೆ ಹಾಕಿದರು. "ಇದು ನಿನ್ ಮ್ಯಾಲ ಸಿಟ್ಟ ಆಗಂಗಿಲ್ಲ. ಸಿಟ್ಟ ಆಗ್ಲಿಕ್ಕ ಇದು ಅತ್ತಿ ಏನು?"

ನನಗೆ ಅಳುವಿನ ನಡುವೆ ನಗು ಬಂತು. ಅವರಿಗೂ ಬಂತು.

ಆ ದಿನವೇ ಬೀದರಿಗೆ ಹೋದೆವು. ಮನಸ್ಸಿಗೆ ಸಂಬಂಧಿಸಿದ ಡಾಕ್ಟರು ಅಲ್ಲಿನ ದವಾಖಾನೆಯಲ್ಲಿ ಸಿಗುತ್ತಾರೆಂದು ಓಣಿಯಲ್ಲಿ ಹೆರಿಗೆ ಮಾಡಿಸುವ ದಾಯಿಯಿಂದ ಅತ್ತೆ ಮೊದಲೇ ತಿಳಿದುಕೊಂಡಿದ್ದರಂತೆ. ಯಾರಿಗೆ ಅಂತ ಹೇಳಿರಲಿಲ್ಲ, ತಮ್ಮ ನಿದ್ದೆಯ ತೊಂದರೆ ಅಂದಿದ್ದರಂತೆ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಹೊಲಗಳು ಬೋಳು. ಬಸ್ಸಿನಲ್ಲಿ ಅರ್ಧ ಮಂದಿ ಹಾಸಿಗೆಯ ಗಂಟು, ಡಬ್ಬಿ, ಕೋಳಿ ಸಮೇತ ಹೈದರಾಬಾದಿಗೆ ಹೊರಟವರು. ಎದುರು ಸೀಟಿನ ಮುದುಕಿ "ನೀವೂ ಕೆಲಸಕ್ಕ ಹೊಂಟೀರೇನ್ರಿ?" ಅಂತ ಕೇಳಿದಳು. ಅತ್ತೆ "ಹೌದ್ರಿ" ಅಂದುಬಿಟ್ಟರು. ದವಾಖಾನೆ ಅನ್ನಲು ಅವರಿಗೂ ಬಾಯಿ ಬರಲಿಲ್ಲ.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡ ಹೆಂಗಸು. ದಕ್ಷಿಣದ ಕಡೆಯ ಮಾತು. ಮೊದಲು ಗಾಯ ನೋಡಿದರು, ತೊಳೆದು ಪಟ್ಟಿ ಕಟ್ಟಿಸಿದರು. ಯಾಕೆ ಮಾಡಿಕೊಂಡೆ ಅಂತ ಕೇಳಿಯೇ ಕೇಳುತ್ತಾರೆ ಎಂದು ನಾನು ಉತ್ತರ ಹೊಂದಿಸುತ್ತ ಕೂತಿದ್ದೆ. ಅವರು ಕೇಳಿದ್ದು ಬೇರೆ.

"ಹೀಗೆ ಮಾಡ್ಕೊಳ್ಳೋಕೆ ಸ್ವಲ್ಪ ಮುಂಚೆ ನಿಮಗೆ ಏನಾಗುತ್ತೆ? ಮೈಯಲ್ಲಿ, ತಲೆಯಲ್ಲಿ?"

ಯೋಚಿಸಿ ಹೇಳಿದೆ, "ಕಿವಿಯಾಗ ಟ್ಯಾಂಕರ್ ಬಂದಂಗ ಆಗ್ತದ ರಿ. ಎಲ್ಲಾರೂ ಒದರಿದಂಗ."

ಅವರು ನಗಲಿಲ್ಲ. "ಸಾಯಬೇಕು ಅನ್ಸುತ್ತಾ?" ಅಂತ ನೇರವಾಗಿ ಕೇಳಿದರು.

ಅತ್ತೆ ಗಾಬರಿಯಾಗಿ, "ಅಂಥಾ ಮಾತು ಯಾಕ ಅಂತೀರಿ ಮೇಡಂ, ಇಲ್ಲದ್ದು ತಲ್ಯಾಗ ಹೊಕ್ಕೀತು" ಅಂದರು.

"ಕೇಳಿದ್ದರಿಂದ ಆ ವಿಚಾರ ಹೊಸದಾಗಿ ಹುಟ್ಟೋದಿಲ್ಲ ಅಮ್ಮ. ಇದ್ದರೆ, ಹೇಳೋಕೆ ಒಂದು ಜಾಗ ಸಿಗುತ್ತೆ."

ನಾನು ಇಲ್ಲ ಅಂದೆ. ಆಮೇಲೆ, ಒಂದೆರಡು ಸಲ ಬಂದಿತ್ತು ಅಂದೆ. ಅತ್ತೆ ನನ್ನ ಕೈ ಹಿಡಿದುಕೊಂಡರು. ಆ ಎರಡನೆಯ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಕೇಳದಿದ್ದರೆ ನಾನು ಅದನ್ನು ಹೇಳುವವಳಲ್ಲ.

ಅವರು ನನಗೆ ಗುಳಿಗೆ ಬರೆದರು, ತಿಂಗಳಿಗೊಮ್ಮೆ ಬರಲು ಹೇಳಿದರು. ಸಾಯುವ ವಿಚಾರ ಮತ್ತೆ ಬಂದರೆ ತಿಂಗಳು ಕಾಯದೆ ಆ ದಿನವೇ ಬರಬೇಕು, ಅತ್ತೆಗೆ ಆ ಗಳಿಗೆಯೇ ಹೇಳಬೇಕು ಅಂದರು. ಅತ್ತೆಯ ಕಡೆ ತಿರುಗಿ, "ಆಣೆ ಮಾಡಿಸಬೇಡಿ. ಮುರಿದರೆ ಆ ನಾಚಿಕೆಯೇ ಇನ್ನೊಂದು ಗಾಯಕ್ಕೆ ದಾರಿ. ಅಪಾಯದ ಸಾಮಾನು ದೂರ ಇಡೋದು ಒಳ್ಳೇದು, ಆದರೆ ಇವರಿಗೆ ಹೇಳಿ ಇಡಿ, ಕದ್ದು ಇಡಬೇಡಿ. ಮಗುವನ್ನ ಇವರಿಂದ ದೂರ ಮಾಡಬೇಡಿ" ಅಂದರು. ಅತ್ತೆ ತಲೆ ಬಗ್ಗಿಸಿ ಕೇಳಿದರು. ಸೊಂಟಕ್ಕಿದ್ದ ಕೀಲಿಯನ್ನು ಕೈಯಿಂದ ಮುಚ್ಚಿಕೊಂಡದ್ದು ನನಗೆ ಕಂಡಿತು.

ಭಾಲ್ಕಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಅತ್ತೆ ಒಂದು ವೀಳ್ಯದೆಲೆ ಬಾಯಿಗೆ ಹಾಕಿಕೊಂಡರು. ಆಮೇಲೆ ಸೆರಗು ಸರಿಸಿ, ಹಣೆಯ ಮೇಲ್ಭಾಗದ ಕೂದಲು ಬಿಡಿಸಿ ತೋರಿಸಿದರು. ಚರ್ಮ ದಪ್ಪಗಟ್ಟಿದ ಹಳೆಯ ಗುರುತು.

"ನಾ ಲಗ್ನ ಆಗಿ ಬಂದ ಹೊಸದಾಗ ಇದು. ನಮ್ಮ ಹಳ್ಳಿ ಮನ್ಯಾಗ ನಡುಮನಿ ಕಂಬ ಇತ್ತಲ್ಲ, ಅದಕ್ಕ ತಲಿ ಬಡ್ಕೋತಿದ್ದೆ. ಯಾಕಂತ ಈಗ ಕೇಳಿದ್ರೂ ನನಗ ಹೇಳ್ಲಿಕ್ಕ ಬರಂಗಿಲ್ಲ. ಮನಿಯವ್ರು ದೇವಿ ಮೈಮ್ಯಾಲ ಬಂದಾಳ ಅಂದ್ರು. ಹಣಿಗಿ ಭಂಡಾರ ಬಡದ್ರು. ಮಳಿ ಯಾವಾಗ ಆಗ್ತದ, ಕಳದ ಎಮ್ಮಿ ಎಲ್ಲದ ಅಂತ ನನ್ನ ಕೇಳ್ತಿದ್ರು. ನನ್ನ ಅತ್ತಿ ನನ್ನ ಕಾಲಿಗಿ ಬಿದ್ಲು."

"ನೀವು ಏನ್ ಹೇಳ್ತಿದ್ರಿ?"

"ಬಾಯಿಗಿ ಬಂದದ್ದು ಹೇಳ್ತಿದ್ದೆ. ದೇವಿ ಬಂದಿಲ್ಲಂತ ನನಗ ಗೊತ್ತಿತ್ತು. ನಾನೇ ಅದೀನಿ, ನನಗ ಬ್ಯಾನಿ ಆಗ್ಲತ್ತದ ಅಂತ ಹ್ಯಾಂಗ ಹೇಳ್ಲಿ? ಕಾಲಿಗಿ ಬಿದ್ದವ್ರು ಹೊಡೀಲಿಕ್ಕ ಬರ್ತಿದ್ರು. ಮಂದಿಗಿ ಮೋಸ ಮಾಡೀನಿ ಅಂಬೋ ಶರಂ ಇಷ್ಟು ವರ್ಷ ಹೊಟ್ಟ್ಯಾಗ ಇಟ್ಕೊಂಡೀನಿ. ನಿನ್ನ ಮಾವನಿಗೂ ಹೇಳಿಲ್ಲ." ಅವರು ಕೂದಲು ಸರಿಪಡಿಸಿಕೊಂಡು ಸೆರಗು ಹೊದ್ದರು. "ಮತ್ತ ನಾನೇ ನಿನಗ ನಾಚ್ಕಿ ಬರಲಿಲ್ಲೇನು ಅಂದೆ ನೋಡು."

ನಾನು ಸರಿದು ಅವರ ಭುಜಕ್ಕೆ ತಾಗಿ ಕೂತೆ. ಬಸ್ಸು ಬಂದಾಗ ಇಬ್ಬರೂ ಎದ್ದೆವು.

ಊರಿಗೆ ಬಂದ ಮೇಲೆ ಅತ್ತೆ ಟ್ರಂಕು ತೆರೆದು ನನ್ನನ್ನು ಕರೆದರು. "ಯಾವ್ಯಾವುದು ಹೊರಗ ಇರಲಿ, ಯಾವುದು ಒಳಗ ಇರಲಿ? ನೀನೇ ಹೇಳು." ನಾನು ಹೇಳಿದೆ. ಕೀಲಿ ಅವರ ಬಳಿಯೇ ಇರಲಿ ಅಂತಲೂ ಹೇಳಿದೆ. ಅದೇ ಟ್ರಂಕು, ಅದೇ ಕೀಲಿ, ಆದರೆ ಆ ದಿನದಿಂದ ನಾನು ಕಳ್ಳಿಯಲ್ಲ. ಮಗಳು ಮತ್ತೆ ನನ್ನ ಮಗ್ಗುಲಲ್ಲಿ ಮಲಗಿದಳು. ಅವಳಿಗೆ ನಾನು, "ಅವ್ವಗ ಆರಾಮ ಇದ್ದಿಲ್ಲ, ದವಾಖಾನಿಗಿ ಹೋಗಿ ಬಂದೀನಿ. ಅಳೂ ಬಂದ್ರ ಹಂಗ ಮಾಡ್ಕೋಬಾರ್ದು, ಹೇಳಬೇಕು. ಅವ್ವಗ ಹೇಳು, ಆಯಿಗಿ ಹೇಳು" ಅಂದೆ. ಅವಳು "ಅಂಗಡ್ಯಾವ್ರಿಗಿ?" ಅಂದಳು. ಅಂಗಡಿಯವರಿಗೆ ಬೇಡ ಅಂದೆ.

ಗಾಯ ಮಾಡಿಕೊಳ್ಳಬೇಕೆನ್ನುವ ಆ ಒತ್ತಡವನ್ನು ಅತ್ತೆ "ಅದು" ಅಂತಲೇ ಕರೆದರು, ಬೇರೆ ಹೆಸರಿಡಲಿಲ್ಲ. ನನ್ನ ಮುಖ ಬಿಗಿದಿರುವುದು ಕಂಡರೆ ಬಂದು ಕೂತು, "ಅದು ಬಂದದೇನು?" ಅಂತ ಕೇಳುತ್ತಿದ್ದರು. "ಬಂದದ ರಿ" ಅಂದರೆ ಮುಂದೆ ಮಾತಿಲ್ಲ. ತಮ್ಮ ತಲೆಗೆ ಎಣ್ಣೆ ಹಚ್ಚು ಅನ್ನುತ್ತಿದ್ದರು, ಇಲ್ಲವೆ ಇಬ್ಬರೂ ಮಗಳನ್ನು ಕರೆದುಕೊಂಡು ಸಂತೆಯ ತನಕ ನಡೆದು ಬರುತ್ತಿದ್ದೆವು. ಕೆಲವು ಸಲ ಅದು ಹಾಗೇ ದಾಟಿ ಹೋಗುತ್ತಿತ್ತು. ಕೆಲವು ಸಲ ಹೋಗುತ್ತಿರಲಿಲ್ಲ. ಹೋಗದ ದಿನ ಅವರು ಬೈಯುತ್ತಿರಲಿಲ್ಲ. ನೀರು ಕಾಯಿಸಿ ತರುತ್ತಿದ್ದರು. ಅಂಥ ದಿನಗಳಲ್ಲಿ ಅವರು ರಾತ್ರಿಯೆಲ್ಲ ಎದ್ದು ಕೂತಿರುವುದನ್ನು ನೋಡಿ ನನಗೆ ಮತ್ತೆ ನಾಚಿಕೆ.

ಪಂಚಮಿಗೆ ಗಂಡ ಊರಿಗೆ ಬಂದರು. ಅತ್ತೆ ನನ್ನನ್ನು ಕೇಳಿಯೇ ಅವರಿಗೆ ಹೇಳಿದರು. ಅವರು ಕೂತಲ್ಲೇ ಕೂತರು. ನನ್ನ ಕಡೆ ನೋಡಲಿಲ್ಲ.

"ಮಂದಿಗಿ ಗೊತ್ತಾಗ್ಯದೇನು?" ಅಂದರು. "ಹೆಣ್ತೀನ ಬಿಟ್ಟ ಹೋದ, ಆಕಿ ಹಿಂಗ ಮಾಡ್ಕೊಂಡ್ಳು ಅಂದ್ರ ನಾ ಹ್ಯಾಂಗ ತಲಿ ಎತ್ತಿ ಓಡಾಡ್ಲಿ?"

ಅತ್ತೆ ಅಂದರು, "ನೀ ತಲಿ ಎತ್ತೋದು ಆಮ್ಯಾಲ ನೋಡೋಣು. ಮೊದಲ ಆಕಿ ಕೈ ನೋಡು."

ಅಂದು ನನ್ನ ಕೈಗೆ ಪಟ್ಟಿ ಇತ್ತು, ಸಡಿಲಾಗಿತ್ತು. ಗಂಡ ಎದ್ದು ಹೋಗಿ ಕೈ ತೊಳೆದು ಬಂದರು. ನನ್ನ ಮುಂದೆ ಕೂತು ಹಳೆಯ ಪಟ್ಟಿ ಬಿಚ್ಚಿ, ಔಷಧ ಹಚ್ಚಿ, ಹೊಸದನ್ನು ಸುತ್ತತೊಡಗಿದರು. ಮೋಟಾರಿನ ತಾಮ್ರದ ತಂತಿ ಸುತ್ತುವ ಕೈ ಅದು. ಎಳೆಯ ಪಕ್ಕದಲ್ಲಿ ಎಳೆ ಕೂರುವ ಹಾಗೆ, ಬಿಗಿಯೂ ಆಗದ ಹಾಗೆ, ಸಡಿಲವೂ ಆಗದ ಹಾಗೆ ಸುತ್ತಿದರು. ಮುಗಿಸಿದ ಮೇಲೂ ಕೈ ಬಿಡಲಿಲ್ಲ.

"ನೋಯ್ತದೇನು?"

ಅಷ್ಟು ದಿನ ಎಷ್ಟೋ ಪ್ರಶ್ನೆ ಕೇಳಿಸಿಕೊಂಡಿದ್ದೆ. ಇದನ್ನು ಯಾರೂ ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. "ನೋಯ್ತದ ರಿ" ಅಂದೆ. ಅವರು ಅತ್ತರು. ಪುಣೆಯಲ್ಲಿ ಕಟ್ಟಡದ ಕೆಳಗಿನ ಶೆಡ್ಡಿನಲ್ಲಿ ಮಲಗುವುದನ್ನು, ಅಂಗಡಿಯ ಮಾಲೀಕನಾಗಿದ್ದವನು ಈಗ ಹುಡುಗರಿಂದ ಬೈಸಿಕೊಳ್ಳುವುದನ್ನು ಅಂದು ಮೊದಲ ಸಲ ಹೇಳಿದರು. ಅವರೂ ಫೋನಿನಲ್ಲಿ ಆರಾಮ ಅನ್ನುತ್ತಿದ್ದವರೇ.

ಮುಂದಿನ ವರ್ಷ ಮಳೆ ಬಂತು. ಮಳೆ ಬಂದದ್ದರಿಂದ ನಾನು ಗುಣವಾದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಬಾವಿ ತುಂಬಿದ ಮೇಲೂ ಎರಡು ಸಲ ಅದು ನನ್ನನ್ನು ಸೋಲಿಸಿತು. ಬೀದರಿಗೆ ಹೋಗಿ ಬರುವುದು ನಡೆದೇ ಇತ್ತು. ಸೋಲದ ದಿನಗಳು ತಿಂಗಳಾದವು, ತಿಂಗಳು ವರ್ಷಗಳಾದವು. ಗಂಡ ಪುಣೆ ಬಿಟ್ಟು ಬೀದರಿನ ಮಗ್ಗುಲ ಕೊಳಾರದ ಒಂದು ಕಾರ್ಖಾನೆಯಲ್ಲಿ ಮೋಟಾರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅತ್ತೆ ತಮ್ಮ ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಿದ್ದಾಗಲೂ ನನ್ನ ಮುಖ ನೋಡಿ ಹುಬ್ಬು ಮೇಲೆತ್ತುತ್ತಿದ್ದರು. ಇಲ್ಲ ರಿ, ಬಂದಿಲ್ಲ, ಅನ್ನುತ್ತಿದ್ದೆ. ಅದು ಬಹುಮಟ್ಟಿಗೆ ನಿಜವಾಗಿರುತ್ತಿತ್ತು.

ಇಷ್ಟೆಲ್ಲ ಕಂಡುಂಡವಳು ಇನ್ನೊಬ್ಬರ ವಿಷಯದಲ್ಲಿ ತಪ್ಪಲಾರಳು ಎಂದು ನೀವು ತಿಳಿಯಬಹುದು. ನಾನೂ ಹಾಗೇ ತಿಳಿದಿದ್ದೆ. ಅತ್ತೆ ಹೋದ ಮೇಲೆ ಒಂದು ಬೆಳಗ್ಗೆ ಎಂದೋ ಹೈದರಾಬಾದಿನಿಂದ ಊರಿಗೆ ಮರಳಿದ್ದ ನನ್ನ ತಮ್ಮ ಚಿಂತಾಕಿಯಿಂದ ತನ್ನ ಮಗಳನ್ನು ಕರೆದುಕೊಂಡು ಬಂದ. ಅವಳು ಔರಾದಿನಲ್ಲಿ ಪಿಯುಸಿ ಓದುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತು, "ಅಕ್ಕಾ, ಈಕಿನ ಕೈ ನೋಡು" ಅಂದವನು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಹುಡುಗಿ ದುಪಟ್ಟಾದಲ್ಲಿ ಕೈ ಮುಚ್ಚಿಕೊಂಡು ನಿಂತಿದ್ದಳು. ನಾನು ಸರಿಸಿ ನೋಡಿದೆ. ನೋಡಿದ ಕೂಡಲೇ ನನ್ನ ಬಾಯಿಂದ ಬಂದದ್ದು:

"ಯಾಕವ್ವಾ? ನಿನಗೇನ್ ಕಮ್ಮಿ ಆಗಿತ್ತು?"

ಅದೇ ಮಾತು. ಹುಡುಗಿಯ ಮುಖ ಬಾಗಿಲು ಹಾಕಿದಂತೆ ಮುಚ್ಚಿಕೊಂಡಿತು. ನನಗೆ ನನ್ನ ನಾಲಗೆ ಕಿತ್ತು ಎಸೆಯಬೇಕು ಅನ್ನಿಸಿತು. ಎಷ್ಟೋ ಬಸ್ಸು ಹತ್ತಿ ಇಳಿದು ಕಲಿತದ್ದನ್ನು ಒಂದು ಗಾಬರಿಗೆ ಕಳೆದುಬಿಟ್ಟೆ. ಹೆದರಿದವರ ಬಾಯಿಗೆ ಮೊದಲು ಬರುವುದು ಈ ಮಾತೇ ಎಂಬುದು ಅಂದು ತಿಳಿಯಿತು. ಅತ್ತೆಯ ಮೇಲೆ ಉಳಿದಿದ್ದ ಅಷ್ಟಿಷ್ಟು ಕೋಪವೂ ಅಂದು ಹೋಯಿತು.

"ತಪ್ಪ ಕೇಳಿದೆ, ಮಗಳ" ಅಂದೆ. "ಹೆದರಿ ಕೇಳಿದೆ. ಬಾ, ಕೂಡು. ನೋಯ್ತದೇನು?"

ಅವಳು ದುಪಟ್ಟಾ ಹಿಡಿದುಕೊಂಡೇ ಕೂತಳು. ನಾನು ಗಾಯ ತೊಳೆದೆ. ರೊಟ್ಟಿ, ಮೊಸರು ಕೊಟ್ಟೆ, ಅರ್ಧ ತಿಂದಳು. ಸಾಯಬೇಕು ಅನ್ನಿಸುತ್ತದೆಯೇ ಅಂತ ಕೇಳಿದೆ. ಕೇಳುವಾಗ ನನ್ನ ಎದೆ ಹೊಡೆದುಕೊಂಡದ್ದನ್ನು ನೋಡಿದರೆ ಆ ದಿನ ಅತ್ತೆ ಗಾಬರಿಯಾದದ್ದು ಸುಳ್ಳಲ್ಲ. ಅವಳು ತಲೆ ಅಲ್ಲಾಡಿಸಿದಳು, ಇಲ್ಲ. ತಟ್ಟೆ ಸರಿಸಿ ಕೇಳಿದಳು, "ಅತ್ತಿ, ನಾ ಹೇಳಿದ್ದು ಅಪ್ಪಗ ಹೇಳ್ತೀರಿ?"

"ನಿನ್ನ ಕೇಳದೆ ಹೇಳಂಗಿಲ್ಲ. ನಿನ್ನ ಜೀವಕ್ಕ ಧೋಕಾ ಅದ ಅನ್ಸಿದ್ರ ಮಾತ್ರ ಹೇಳ್ತೇನಿ. ಅದೂ ನಿನಗ ತಿಳಿಸೇ ಹೇಳ್ತೇನಿ."

ಆಮೇಲೆ ಅವಳು ಹೇಳತೊಡಗಿದಳು. ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳದು.

ಮರುದಿನ ಮೂವರೂ ಬೀದರಿಗೆ ಹೊರಟೆವು. ಬಸ್ಸಿನಲ್ಲಿ ಹುಡುಗಿ ಕಿಟಕಿಯ ಪಕ್ಕ, ನಡುವೆ ನನ್ನ ತಮ್ಮ, ಈಚೆಗೆ ನಾನು. ಮಗಳೊಡನೆ ಏನು ಮಾತಾಡಬೇಕೆಂದು ಅವನಿಗೆ ತಿಳಿಯದು. ಎರಡು ಸಲ ಬಾಯಿ ತೆರೆದ, ಎರಡೂ ಸಲ ಶೇಂಗಾ ಬೇಕೇನು ಅಂತ ಕೇಳಿದ. ಊರು ದಾಟಿದ ಮೇಲೆ ಅವಳಿಗೆ ನಿದ್ದೆ ಹತ್ತಿತು, ತಲೆ ಅವನ ಭುಜದ ಮೇಲೆ ಬಿತ್ತು. ಕಂಡಕ್ಟರು ಟಿಕೇಟಿಗೆ ಬಂದಾಗ ತಮ್ಮ ಕಣ್ಣಿನಿಂದಲೇ ನನಗೆ ತೋರಿಸಿದ, ಜೇಬಿಗೆ ಕೈ ಹಾಕಿದರೆ ಅವಳು ಎದ್ದಾಳು ಎಂದು. ನಾನು ಟಿಕೇಟು ತೆಗೆದೆ. ಬೀದರ್ ಬರುವ ತನಕ ಅವನು ಭುಜ ಅಲುಗಿಸಲಿಲ್ಲ.